ಕಣ್ಣು ಕುಕ್ಕುವ ಹಾವಿನ ಮುಂದೆ ಕ್ಯಾಮೆರಾ

ನಾಗರಹಾವಿಗೆ ಬನವಿದೆ, ಕಲ್ಲಿದೆ, ಪಂಚಮಿಯ ಹಾಲಿದೆ. ಕೊಳಕುಮಂಡಲಕ್ಕೆ ಭಯವಿದೆ. ಕೇರೆಹಾವಿಗೆ ಇಲಿ ಹಿಡಿಯುತ್ತದೆಂಬ ಅಲ್ಪಸ್ವಲ್ಪ ಮರ್ಯಾದೆಯಾದರೂ ಇದೆ. ಹಸಿರು ಹಾವಿನ ಪಾಲಿಗೆ ಬಂದದ್ದು ಮಾತ್ರ ಒಂದು ಅಪವಾದ: ಅದು ಕಣ್ಣು ಕುಕ್ಕುತ್ತದೆ. ಕೆಲವೆಡೆ ಕಣ್ಣಲ್ಲ, ನೆತ್ತಿ ಎನ್ನುತ್ತಾರೆ. ಕಾಫಿ ಕೊಯ್ಯುವಾಗ ಎಲೆಗಳ ನಡುವೆ ಈ ತೆಳ್ಳನೆಯ ಹಸಿರು ಕಂಡರೆ ಆಳುಗಳು ಒಂದು ಹೆಜ್ಜೆ ಹಿಂದೆ ಸರಿದು ಮುಖಕ್ಕೆ ಕೈ ಅಡ್ಡ ಹಿಡಿಯುತ್ತಾರೆ. ಕ್ಯಾಮೆರಾ ಹಿಡಿದವರು ಯಾರಾದರೂ ಹತ್ತಿರ ಹೋದರೆ, "ಸಾರ್, ಮುಖ ಕೊಡಬೇಡಿ, ಸೀದಾ ಕಣ್ಣಿಗೇ ಹಾಕತ್ತೆ" ಎಂಬ ಎಚ್ಚರಿಕೆ ಹಿಂದಿನಿಂದ ಬಂದೇ ಬರುತ್ತದೆ. ತಮಿಳುನಾಡಿನಲ್ಲಿ, ಶ್ರೀಲಂಕೆಯಲ್ಲಿ ಕೂಡ ಇದರ ಮೇಲೆ ಇದೇ ದೂರು.

ದೂರಿಗೆ ಕಾರಣ ಇಲ್ಲದಿಲ್ಲ. ಬೇರೆ ಹಾವುಗಳು ಕಾಲಿನ ಹತ್ತಿರ ಎದುರಾಗುತ್ತವೆ, ಇದು ಮುಖದ ಹತ್ತಿರ. ಬೇಲಿಯ ಬಳ್ಳಿ, ಪೊದೆಯ ತುದಿ, ಎದೆಯೆತ್ತರದ ಗಿಡ ಇದರ ಸಂಸಾರ. ಬೆರಳಿನಷ್ಟು ದಪ್ಪ, ಒಂದೂವರೆ ಮೀಟರಿನಷ್ಟು ಉದ್ದ. ಕೆಲವು ಎರಡು ಮೀಟರಿನ ಹತ್ತಿರಕ್ಕೂ ಬೆಳೆಯುತ್ತವೆ. ಮೂತಿ ಚೂಪು. ಗಾಬರಿಯಾದಾಗ ಬಾಯಿ ಅಗಲಿಸಿ ಮುನ್ನುಗ್ಗುವ ಅಭ್ಯಾಸ ಇದಕ್ಕಿದೆ. ಎದುರಿಗೆ ಬಂದ ಮುಖದಲ್ಲಿ ಹೊಳೆಯುವುದು, ಅಲುಗಾಡುವುದು ಕಣ್ಣೇ ಆದ್ದರಿಂದ ಗುರಿ ಅದೇ ಎಂದು ಜನ ತೀರ್ಮಾನಿಸಿದ್ದರೆ ತಪ್ಪು ಹೇಳುವಂತಿಲ್ಲ. ಆದರೆ ಬಹಳಷ್ಟು ಸಲ ಆ ನುಗ್ಗು ಬರೀ ಹೆದರಿಕೆ ಹಾಕುವ ಆಟ.

ಕಚ್ಚಿದರೂ ಪ್ರಾಣಕ್ಕೆ ಸಂಚಕಾರವಿಲ್ಲ. ನಾಗರ, ಕೊಳಕುಮಂಡಲಗಳಿಗೆ ವಿಷದ ಹಲ್ಲು ಬಾಯಿಯ ಮುಂಭಾಗದಲ್ಲಿದ್ದರೆ ಹಸಿರು ಹಾವಿಗೆ ಮೇಲ್ದವಡೆಯ ಹಿಂಭಾಗದಲ್ಲಿ, ಸರಿಸುಮಾರು ಕಣ್ಣಿನ ಕೆಳಗೆ ಇದೆ. ಆ ಹಲ್ಲಿನಲ್ಲಿ ಕೊಳವೆಯೂ ಇಲ್ಲ, ಇರುವುದು ಒಂದು ಗೀರುಗಾಲುವೆ. ಬಾಯಿಗೆ ಸಿಕ್ಕ ಓತಿಕ್ಯಾತವನ್ನು ಕಚ್ಚಿ ಹಿಡಿದು, ಅಗಿಯುತ್ತ ಅಗಿಯುತ್ತ ಹಿಂದಿನ ಹಲ್ಲಿಗೆ ತಲುಪಿಸಿದ ಮೇಲೆಯೇ ವಿಷ ಇಳಿಯುವುದು. ಮನುಷ್ಯರ ಬೆರಳಿಗೆ ಹೀಗೆ ನಿಧಾನವಾಗಿ ಜಗಿದು ಕಚ್ಚಿದರೆ ಒಂದಿಷ್ಟು ಊತ, ನೋವು, ಜೋಮು; ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಹೀಗಾಗಿ ಇದಕ್ಕೆ 'ಅಲ್ಪ ವಿಷ' ಎಂಬ ವರ್ಗ. ಈ ನಡುವಿನ ವರ್ಗದಲ್ಲಿ ಬಿದ್ದದ್ದೇ ಹಸಿರು ಹಾವಿನ ಚರಿತ್ರೆಯನ್ನು ವಿಚಿತ್ರವಾಗಿಸಿತು. ಪೂಜಿಸುವವರಿಗೂ ಬೇಡ, ಕೊಲ್ಲುವ ಸರ್ಕಾರಕ್ಕೂ ಬೇಡ. ಇನ್ನೂರು ವರ್ಷಗಳ ಕಾಲ ಅದನ್ನು ಬಲ್ಲವರು ಅದರ ಹೆಣವನ್ನಷ್ಟೇ ಬಲ್ಲವರಾಗಿದ್ದರು.

ಭಾರತದ ಹಾವುಗಳ ಬಗ್ಗೆ ಕ್ರಮಬದ್ಧವಾದ ಮೊದಲ ಸಚಿತ್ರ ಗ್ರಂಥ ಬಂದದ್ದು 1796ರಲ್ಲಿ. ಬರೆದವರು ಪ್ಯಾಟ್ರಿಕ್ ರಸೆಲ್, ಸ್ಕಾಟ್‌ಲೆಂಡಿನ ವೈದ್ಯರು. ನಮ್ಮ ಕೊಳಕುಮಂಡಲದ ಇಂಗ್ಲಿಷ್ ಹೆಸರಿನಲ್ಲಿ ಕೂತಿರುವ ರಸೆಲ್ ಇವರೇ. ಸಿರಿಯಾದ ಅಲೆಪ್ಪೊದಲ್ಲಿ ವರ್ಷಗಟ್ಟಲೆ ವೈದ್ಯರಾಗಿದ್ದು, ತಮ್ಮನ ಜೊತೆ ವಿಶಾಖಪಟ್ಟಣಕ್ಕೆ ಬಂದು, 1785ರಲ್ಲಿ ಮದ್ರಾಸಿನ ಈಸ್ಟ್ ಇಂಡಿಯಾ ಕಂಪನಿಯ ನಿಸರ್ಗಶಾಸ್ತ್ರಜ್ಞರಾದರು. ಕಂಪನಿಗೆ ಬೇಕಿದ್ದದ್ದು ಪಾಂಡಿತ್ಯವಲ್ಲ. ಯಾವ ಹಾವು ಸಿಪಾಯಿಗಳನ್ನೂ ಕೂಲಿಗಳನ್ನೂ ಕೊಲ್ಲುತ್ತದೆ ಎಂಬ ಪಟ್ಟಿ. ರಸೆಲ್ ಸ್ಥಳೀಯರಿಂದ ಹಾವು ತರಿಸಿದರು, ಬಾಯಿ ಬಿಡಿಸಿ ಹಲ್ಲಿನ ಸಾಲು ನೋಡಿದರು, ಕೋಳಿಗೆ, ನಾಯಿಗೆ ಕಚ್ಚಿಸಿ ಎಷ್ಟು ಹೊತ್ತಿಗೆ ಸಾಯುತ್ತವೆಂದು ಬರೆದಿಟ್ಟರು. ಹಾವಿನ ಕಡಿತಕ್ಕೆ ರಾಮಬಾಣವೆಂದು ಹೆಸರಾಗಿದ್ದ ತಂಜಾವೂರು ಗುಳಿಗೆಯನ್ನೂ ಪರೀಕ್ಷೆಗೆ ಹಚ್ಚಿದರು. ಅದರಲ್ಲಿ ಪಾಷಾಣವಿತ್ತು.

ರಸೆಲ್ ಮಾಡಿದ ಒಂದು ಕೆಲಸ ಮಾತ್ರ ಆ ಕಾಲಕ್ಕೆ ಅಪರೂಪದ್ದು. ಹಾವುಗಳಿಗೆ ಊರಿನವರು ಹೇಳುತ್ತಿದ್ದ ತೆಲುಗು ಹೆಸರನ್ನೇ ಚಿತ್ರದ ಜೊತೆ ಬರೆದುಕೊಂಡರು. ಆಂಧ್ರದ ಹಳ್ಳಿಗಳಲ್ಲಿ ಹಸಿರು ಹಾವಿಗೆ ಇವತ್ತಿಗೂ ಬಳಕೆಯಲ್ಲಿರುವ 'ಪಸಿರಿಕ ಪಾಮು' ಎಂಬ ಹೆಸರು ಹಾಗೆ ಲಂಡನ್ನಿನ ಪುಸ್ತಕಕ್ಕೆ ಹೋಯಿತು. ಮುಂದೆ ಪಂಡಿತರು ಅದಕ್ಕೆ ಲ್ಯಾಟಿನ್ ಬಾಲ ಹಚ್ಚಿ 'ಪಾಸ್ಸೆರಿಟ' ಎಂಬ ಕುಲದ ಹೆಸರನ್ನೂ ಮಾಡಿಕೊಂಡರು. ಆ ಹೆಸರು ಉಳಿಯಲಿಲ್ಲ. ಮೂತಿಯ ಮೇಲೆ ಎದ್ದು ಕಾಣುವ ಮೂಗಿನಿಂದ ಬಂದ 'ನಸೂಟ' ಎಂಬುದೇ ಗಟ್ಟಿಯಾಯಿತು. ಅಹೈಟುಲ್ಲ ನಸೂಟ ಎಂಬ ಹೆಸರಿನ ಕೆಳಗೆ, ಎಲ್ಲೆಲ್ಲಿ ಹಸಿರು ಬಳ್ಳಿಹಾವು ಇದೆಯೆಂದು ಯಾರು ಹೇಳಿದರೂ, ಎಲ್ಲವನ್ನೂ ತುಂಬುವ ಪದ್ಧತಿ ಬಂತು.

19ನೇ ಶತಮಾನದ ಉತ್ತರಾರ್ಧದಲ್ಲಿ ಬ್ರಿಟಿಷ್ ಸರ್ಕಾರ ವಿಷದ ಹಾವು ಕೊಂದವರಿಗೆ ಬಹುಮಾನ ಕೊಡತೊಡಗಿತು. ಹಾಗಾದರೆ ವಿಷದ್ದು ಯಾವುದೆಂದು ಜಿಲ್ಲಾ ಅಧಿಕಾರಿಗೆ ಗೊತ್ತಿರಬೇಕಲ್ಲ? ವೈದ್ಯ ಜೋಸೆಫ್ ಫೇರರ್ 1872ರಲ್ಲಿ ತಂದ ಭಾರಿ ಗ್ರಂಥ ಆ ಅಗತ್ಯಕ್ಕೆ ಒದಗಿತು. ಕಲ್ಕತ್ತೆಯ ಕಲಾಶಾಲೆಯ ಅನ್ನದಾ ಪ್ರಸಾದ್ ಬಾಗ್ಚಿ ಮೊದಲಾದವರು ಹಾವುಗಳನ್ನು ಮುಂದಿಟ್ಟುಕೊಂಡು ಬರೆದ ಬಣ್ಣದ ಚಿತ್ರಗಳು ಇವತ್ತಿಗೂ ಬೆರಗು ಹುಟ್ಟಿಸುತ್ತವೆ. ಆದರೆ ಗ್ರಂಥ ಕೊಲ್ಲುವ ಹಾವುಗಳದ್ದು. ಹಸಿರು ಹಾವಿಗೆ ಅಲ್ಲಿ ಕುರ್ಚಿ ಇರಲಿಲ್ಲ. 1890ರಲ್ಲಿ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಬೌಲೆಂಜರ್ ಬರೆದ ಬ್ರಿಟಿಷ್ ಭಾರತದ ಪ್ರಾಣಿಸಂಪುಟದಲ್ಲಿ ಅದಕ್ಕೆ ಜಾಗ ಸಿಕ್ಕಿತು, ಅಂಕಿಗಳ ರೂಪದಲ್ಲಿ: ನಡುಮೈಯಲ್ಲಿ ಹುರುಪೆಗಳ 15 ಸಾಲು, ಹೊಟ್ಟೆಯಡಿ ಇಷ್ಟು ಪಟ್ಟಿ, ಬಾಲದಡಿ ಇಷ್ಟು. ಸೀಸೆಯಲ್ಲಿ ಸತ್ತು ಮಲಗಿದ ಪ್ರಾಣಿಯನ್ನು ಎಣಿಸಬಹುದು, ಅಷ್ಟೇ.

ಎಣಿಕೆಯಾಚೆಗೆ ನೋಡಿದವರಲ್ಲಿ ಫ್ರಾಂಕ್ ವಾಲ್ ಮುಖ್ಯರು. ಶ್ರೀಲಂಕೆಯಲ್ಲಿ ಹುಟ್ಟಿದ ಸೇನಾ ವೈದ್ಯ. 1903-04ರಲ್ಲಿ ಕಣ್ಣೂರಿನಲ್ಲಿದ್ದಾಗ ಸುತ್ತಲಿನ ಹಾವುಗಳನ್ನು ಗುಡ್ಡೆಹಾಕಿ ಅಭ್ಯಾಸ ಮಾಡಿದರು. 1883ರಲ್ಲಿ ಸ್ಥಾಪನೆಯಾದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ 1905ರಿಂದ ಅವರು ಬರೆದ ಸಾಮಾನ್ಯ ಹಾವುಗಳ ಲೇಖನಮಾಲೆ ಹದಿನಾಲ್ಕು ವರ್ಷ ನಡೆಯಿತು. ಹಾವು ಏನು ತಿನ್ನುತ್ತದೆ, ಎಷ್ಟು ಮರಿ ಹಾಕುತ್ತದೆ, ಕೆಣಕಿದರೆ ಏನು ಮಾಡುತ್ತದೆ ಎಂಬುದನ್ನು ಓದುಗರಿಗೆ ತಿಳಿಯುವ ಮಾತಿನಲ್ಲಿ ಹೇಳಿದ ಬರವಣಿಗೆ ಅದು. ಜೊತೆಗೆ ಬಣ್ಣದ ಚಿತ್ರಫಲಕಗಳು. ಫೋಟೋ ಅಲ್ಲ, ಕೈಯಲ್ಲಿ ಬರೆದ ಚಿತ್ರ. ಅದಕ್ಕೊಂದು ಬಲವಾದ ಕಾರಣವಿತ್ತು.

ಹಸಿರು ಹಾವನ್ನು ಸ್ಪಿರಿಟ್ಟಿನಲ್ಲಿ ಅದ್ದಿಟ್ಟರೆ ಅದು ಹಸಿರಾಗಿ ಉಳಿಯುವುದಿಲ್ಲ, ನೀಲಿಗೆ ತಿರುಗುತ್ತದೆ. ಅದರ ಚರ್ಮದಲ್ಲಿ ಹಸಿರು ಎಂಬ ಒಂದು ಬಣ್ಣವೇ ಇಲ್ಲ. ಮೇಲೊಂದು ಹಳದಿ ವರ್ಣದ್ರವ್ಯದ ಪದರ, ಕೆಳಗೆ ಬೆಳಕನ್ನು ನೀಲಿಯಾಗಿ ಚೆದುರಿಸುವ ಸೂಕ್ಷ್ಮ ಹರಳುಗಳ ಪದರ. ಎರಡೂ ಸೇರಿ ನಮ್ಮ ಕಣ್ಣಿಗೆ ಎಳೆಬತ್ತದ ಹಸಿರು. ಹಳದಿ ಸ್ಪಿರಿಟ್ಟಿನಲ್ಲಿ ಕರಗಿಹೋಗುತ್ತದೆ, ಹರಳುಗಳು ಕರಗುವುದಿಲ್ಲ. ಹೀಗಾಗಿ ವಸ್ತುಸಂಗ್ರಹಾಲಯದ ಸೀಸೆಗಳಲ್ಲಿ ದಶಕಗಳಿಂದ ಇರುವ ಹಸಿರು ಹಾವುಗಳು ಮಸುಕು ನೀಲಿ ಹಗ್ಗದಂತೆ ಮಡಿಚಿಕೊಂಡಿರುತ್ತವೆ. ಯುರೋಪಿನಲ್ಲಿ ಕೂತು ಅವನ್ನು ಬಣ್ಣಿಸಿದವರಿಗೆ ಜೀವಂತ ಬಣ್ಣ ಗೊತ್ತಾಗುತ್ತಿದ್ದದ್ದು ಭಾರತದಿಂದ ಬಂದ ಚಿತ್ರ ಅಥವಾ ಟಿಪ್ಪಣಿಯಿಂದ. ಆಗಿನ ಕಪ್ಪು-ಬಿಳುಪು ಫೋಟೋ ಈ ವಿಷಯದಲ್ಲಿ ನಿರುಪಯೋಗಿ: ಹಸಿರು ಎಲೆಯ ಮೇಲಿನ ಹಸಿರು ಹಾವು ಬೂದಿಯ ಮೇಲೆ ಬೂದಿ.

ಹಾವಿನ ಫೋಟೋ ಎಂದರೆ ಬಹುಕಾಲ ಹಾವಾಡಿಗನ ಫೋಟೋ. ಬುಟ್ಟಿ, ಪುಂಗಿ, ಹೆಡೆಯೆತ್ತಿದ ನಾಗರ, ಹಿನ್ನೆಲೆಗೊಂದು ಗೋಡೆ. ಪೋಸ್ಟ್‌ಕಾರ್ಡುಗಳಲ್ಲಿ ಅಚ್ಚಾಗಿ ಇದು ಜಗತ್ತೆಲ್ಲ ಸುತ್ತಿತು. ಹೆಡೆಯಿಲ್ಲದ, ಕುಣಿಯದ, ಬಳ್ಳಿಯಂತೆ ಸುಮ್ಮನಿರುವ ಪ್ರಾಣಿಗೆ ಈ ಮಾರುಕಟ್ಟೆಯಲ್ಲಿ ಬೆಲೆ ಎಲ್ಲಿಂದ ಬರಬೇಕು? ಕಾಡಿನ ಫೋಟೋಗ್ರಫಿ ಬಂದಾಗಲೂ ಕಣ್ಣು ದೊಡ್ಡ ಪ್ರಾಣಿಗಳ ಮೇಲೆ. ಅರಣ್ಯಾಧಿಕಾರಿ ಎಫ್.ಡಬ್ಲ್ಯು. ಚಾಂಪಿಯನ್ ರಾತ್ರಿ ಹುಲಿಯೇ ತಂತಿ ತುಳಿದು ಫ್ಲ್ಯಾಶ್ ಹೊತ್ತಿಸಿಕೊಳ್ಳುವಂತೆ ಕ್ಯಾಮೆರಾ ಕಟ್ಟಿ ತೆಗೆದ ಚಿತ್ರಗಳ ಪುಸ್ತಕ 1927ರಲ್ಲಿ ಬಂತು. ಬಂದೂಕಿನ ಬದಲು ಕ್ಯಾಮೆರಾ ಎಂಬ ಮಾತು ಅಲ್ಲಿಂದ ಊರ್ಜಿತವಾಯಿತು. ಆದರೆ ಬಂದೂಕಿಗೆ ಯೋಗ್ಯವಾಗಿದ್ದ ಪ್ರಾಣಿಗಳೇ ಕ್ಯಾಮೆರಾಕ್ಕೂ ಯೋಗ್ಯವೆನಿಸಿದವು.

ಕರ್ನಾಟಕದಲ್ಲಿ ಈ ಹವ್ಯಾಸಕ್ಕೆ ಸಮೃದ್ಧವಾದ ಪರಂಪರೆಯಿದೆ. ಬೆಂಗಳೂರಿನಲ್ಲಿದ್ದ ಒ.ಸಿ. ಎಡ್ವರ್ಡ್ಸ್, ಅವರ ಗರಡಿಯಲ್ಲಿ ಪಳಗಿದ ಟಿ.ಎನ್.ಎ. ಪೆರುಮಾಳ್, ಇ. ಹನುಮಂತರಾವ್, ಸಂಡೂರಿನ ಎಂ.ವೈ. ಘೋರ್ಪಡೆ ಈ ಸಾಲಿನವರು. ಘೋರ್ಪಡೆಯವರು ರಾಜ್ಯದ ಹಣಕಾಸು ಸಚಿವರೂ ಆಗಿದ್ದರು. 1983ರಲ್ಲಿ ಬಂದ ಅವರ ಚಿತ್ರಪುಸ್ತಕ ಕಪ್ಪು-ಬಿಳುಪಿನ ಪ್ರೇಮಿಗಳಿಗೆ ಈಗಲೂ ಮಾದರಿ. 1971ರಲ್ಲಿ ಶುರುವಾದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹೊಸಬರಿಗೆ ಕಲಿಯುವ ಕಟ್ಟೆಯಾಯಿತು. ಅತ್ತ ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ಹಕ್ಕಿಗಳ ಬೆನ್ನು ಬಿದ್ದಿದ್ದರು. ಈ ಪರಂಪರೆಯ ಒಲವು ಆನೆ, ಹಕ್ಕಿ, ಹಕ್ಕಿಗೂಡುಗಳ ಕಡೆ ಎಂಬುದು ನಿಜ. ಆದರೂ ಕೀಟ, ಕಪ್ಪೆ, ಹಾವುಗಳಂಥ ಸಣ್ಣಪುಟ್ಟವನ್ನು ಹತ್ತಿರದಿಂದ ತೆಗೆಯುವ ಚಟ ಇಲ್ಲೇ ಬೇರುಬಿಟ್ಟಿತು.

ಬಣ್ಣದ ಸ್ಲೈಡ್ ಫಿಲಂ 1930ರ ದಶಕದಲ್ಲೇ ಬಂದಿತ್ತು. ಕೊಡಾಕ್ರೋಮ್ ಹಸಿರು ಹಾವಿನ ಹಸಿರನ್ನು ಹಸಿರಾಗಿಯೇ ಹಿಡಿಯಬಲ್ಲ ಫಿಲಂ. ಆದರೆ ದುಬಾರಿ, ಬೆಳಕಿಗೆ ಬಹಳ ಮಂದ, ತೊಳೆಯುವ ಕ್ರಮವೋ ಎಷ್ಟು ಜಟಿಲವೆಂದರೆ ಮನೆಯ ಕತ್ತಲೆಕೋಣೆಯಲ್ಲಿ ಸಾಧ್ಯವೇ ಇಲ್ಲ. ಕಂಪನಿಯ ಪ್ರಯೋಗಾಲಯಕ್ಕೇ ಕಳಿಸಿ ಕಾಯಬೇಕು. ಒಂದು ರೋಲಿಗೆ 36 ಚಿತ್ರ. ಕಾಡಿನ ಅರೆಬೆಳಕಿನಲ್ಲಿ, ಗಾಳಿಗೆ ತೂಗುವ ಕೊಂಬೆಯಲ್ಲಿ, ಬೆರಳು ದಪ್ಪದ ಹಾವಿಗೆ ಅದನ್ನು ಖರ್ಚು ಮಾಡುವ ಧೈರ್ಯ ಯಾರಿಗಿದ್ದೀತು? ಹಾಗಾಗಿ ಅಡ್ಡದಾರಿಗಳು ಹುಟ್ಟಿಕೊಂಡವು. ಹಾವನ್ನು ಹಿಡಿದು ತಂದು, ಮನೆಯಂಗಳದಲ್ಲಿ ಚೆಂದದ ಕೊಂಬೆ ನೆಟ್ಟು ಅದರ ಮೇಲೆ ಕೂರಿಸುವುದು. ಸುಮ್ಮನಿರಲೆಂದು ಬಟ್ಟೆಯಿಂದಲೋ ಟೊಪ್ಪಿಯಿಂದಲೋ ಮುಚ್ಚಿಟ್ಟು, ತೆಗೆದ ಕ್ಷಣ ಕ್ಲಿಕ್ಕಿಸುವುದು. ಇನ್ನೂ ಕೀಳುಮಟ್ಟದ್ದೆಂದರೆ ಫ್ರಿಜ್ಜಿನಲ್ಲಿಟ್ಟು ಜಡವಾಗಿಸುವುದು. ತನ್ನ ಮೈಶಾಖವನ್ನು ತಾನೇ ಹುಟ್ಟಿಸಿಕೊಳ್ಳಲಾರದ ಪ್ರಾಣಿಗೆ ಇದು ಹಿಂಸೆಯೇ. ಆ ಕಾಲದ ಹಲವು 'ಸ್ವಾಭಾವಿಕ' ಹಾವಿನ ಚಿತ್ರಗಳನ್ನು ಗಮನವಿಟ್ಟು ನೋಡಿದರೆ ಕಡ್ಡಿ ಒಣಗಿರುತ್ತದೆ, ಹಿನ್ನೆಲೆ ಸ್ಟುಡಿಯೋ ಪರದೆಯಂತಿರುತ್ತದೆ.

ಇದನ್ನು ಬದಲಿಸಿದ್ದು ಒಂದು ಕಡೆ ಕಾನೂನು, ಇನ್ನೊಂದು ಕಡೆ ಹಾವು ಬಲ್ಲ ಜನ. ರೊಮುಲಸ್ ವಿಟೇಕರ್ 1970ರ ಸುಮಾರಿಗೆ ಮದ್ರಾಸಿನಲ್ಲಿ ಹಾವಿನ ಉದ್ಯಾನ ತೆರೆದು, 1978ರಲ್ಲಿ ಸಾಮಾನ್ಯ ಹಾವುಗಳ ಕೈಪಿಡಿ ಬರೆದರು. ಹಾವಿನ ಚರ್ಮದ ರಫ್ತು 1976ರಲ್ಲಿ ನಿಂತಿತು. 1972ರ ವನ್ಯಜೀವಿ ಕಾಯ್ದೆಯ ಪರಿಶಿಷ್ಟಗಳಿಗೆ ಕ್ರಮೇಣ ಸಾಮಾನ್ಯ ಹಾವುಗಳೂ ಸೇರಿ, ಹಿಡಿದು ತರುವುದೇ ಅಪರಾಧವಾಯಿತು. ವಿಟೇಕರ್ ಮತ್ತು ಅಶೋಕ್ ಕ್ಯಾಪ್ಟನ್ 2004ರಲ್ಲಿ ಹೊರತಂದ ಸಚಿತ್ರ ಕೈಪಿಡಿ ಹಾವಿನ ಹಿಂದೆ ಬಿದ್ದ ಹುಡುಗರ ಚೀಲದಲ್ಲೆಲ್ಲ ಕಾಣಿಸತೊಡಗಿತು. ಮರುವರ್ಷ ಆಗುಂಬೆಯಲ್ಲಿ ಮಳೆಕಾಡು ಸಂಶೋಧನಾ ಕೇಂದ್ರ ಶುರುವಾಯಿತು. ಅಷ್ಟರಲ್ಲಿ ಡಿಜಿಟಲ್ ಕ್ಯಾಮೆರಾ ಬಂದು, ರೋಲಿನ ಲೆಕ್ಕ ಹಾಕುವ ಕಾಲ ಮುಗಿದಿತ್ತು.

ಈಗ ಹಸಿರು ಹಾವಿನ ಚಿತ್ರ ತೆಗೆಯುವವರು ಹೆಚ್ಚಾಗಿ ಹೊರಡುವುದು ರಾತ್ರಿ. ಹಗಲು ಬೇಟೆಯಾಡುವ ಹಾವು ಇದು; ಹಗಲಲ್ಲಿ ಎಲೆಗಳ ನಡುವೆ ಗುರುತು ಹಿಡಿಯುವುದೇ ಕಷ್ಟ. ಕತ್ತಲಾದ ಮೇಲೆ ಪೊದೆಯ ಹೊರತುದಿಯ ಕೊಂಬೆಯಲ್ಲಿ ಸಡಿಲ ಸುರುಳಿ ಸುತ್ತಿ ಮಲಗುತ್ತದೆ, ಟಾರ್ಚಿನ ಬೆಳಕಿಗೆ ಎಲೆಗಿಂತ ಬೆಳ್ಳಗೆ ಮಿನುಗಿ ಸಿಕ್ಕಿಬೀಳುತ್ತದೆ. ಮಳೆಗಾಲದ ಆಗುಂಬೆ, ಕೊಡಗಿನ ಕಾಡಂಚುಗಳಲ್ಲಿ ಗಂಬೂಟು, ಹೆಡ್‌ಟಾರ್ಚ್, ಕೊಡೆ ಹಿಡಿದವರ ಗುಂಪು ಹೀಗೆ ಪೊದೆ ತಡಕುವುದು ಸಾಮಾನ್ಯ ದೃಶ್ಯ. ರೆಪ್ಪೆಯಿಲ್ಲದ ಕಾರಣ ಮಲಗಿದ್ದರೂ ಕಣ್ಣು ತೆರೆದೇ ಇರುತ್ತದೆ. ಆ ಕಣ್ಣೇ ಚಿತ್ರದ ಪ್ರಾಣ. ಪಾಪೆ ದುಂಡಗಿಲ್ಲ, ಬೆಕ್ಕಿನಂತೆ ನೆಟ್ಟಗಿನ ಸೀಳೂ ಅಲ್ಲ. ಅಡ್ಡಕ್ಕೆ ಮಲಗಿಸಿದ ಬೀಗದ ರಂಧ್ರದ ಆಕಾರ. ಅದರ ಮುಂದೆ ಕೆನ್ನೆಯುದ್ದಕ್ಕೂ ಮೂತಿಯ ತುದಿಯವರೆಗೆ ಒಂದು ತಗ್ಗು ಹರಿದಿದೆ, ಬಂದೂಕಿನ ಗುರಿಗೆರೆಯ ಹಾಗೆ. ಎರಡೂ ಕಣ್ಣು ಒಟ್ಟಿಗೆ ಮುಂದಕ್ಕೆ ನೋಡಿ ದೂರವನ್ನು ಅಳೆಯಲು ಈ ವ್ಯವಸ್ಥೆ. ಹಾವುಗಳಲ್ಲಿ ಇಷ್ಟು ಚುರುಕು ನೋಟ ಅಪರೂಪ.

ತಾಂತ್ರಿಕವಾಗಿ ಇದು ಸತಾಯಿಸುವ ಪ್ರಾಣಿ. ಪೂರ್ತಿ ಹಾವನ್ನು ಚೌಕಟ್ಟಿನಲ್ಲಿ ತಂದರೆ ದಾರದೆಳೆಯಾಗಿ ಕಾಣುತ್ತದೆ. ತಲೆಗೆ ಹತ್ತಿರ ಹೋದರೆ ಮೈ ಕಾಣೆಯಾಗುತ್ತದೆ. ಮ್ಯಾಕ್ರೋ ಲೆನ್ಸಿನಲ್ಲಿ ಕಣ್ಣು ಸ್ಫುಟವಾದರೆ ಮೂತಿಯ ತುದಿ ಮಸುಕು. ಎರಡೂ ಬೇಕೆಂದು ಅಪರ್ಚರ್ ಎಫ್ 16ಕ್ಕೆ ಇಳಿಸಿದರೆ ಫ್ಲ್ಯಾಶ್ ಅನಿವಾರ್ಯ. ಬರಿಯ ಫ್ಲ್ಯಾಶ್ ಹೊಡೆದರೆ ನುಣುಪು ಹುರುಪೆಗಳು ಕನ್ನಡಿಯಾಗಿ ಬೆಳಕನ್ನು ಹಿಂದಕ್ಕೆ ಎಸೆದು, ಹಸಿರಿನ ಮೇಲೆ ಬಿಳಿ ಚುಕ್ಕಿಗಳು. ಅದಕ್ಕೇ ಬಿಳಿ ಬಟ್ಟೆ, ಹಾಲುಬಣ್ಣದ ಪ್ಲಾಸ್ಟಿಕ್ ಹಾಳೆಗಳಿಂದ ಮನೆಯಲ್ಲೇ ಮಾಡಿಕೊಂಡ ಡಿಫ್ಯೂಸರ್‌ಗಳು. ಹಾವು ಎಚ್ಚರವಾದರೆ ಮತ್ತೊಂದು ಪಂಚಾಯಿತಿ: ಗಾಳಿಗೆ ಕೊಂಬೆ ತೂಗಿದ ಲಯದಲ್ಲೇ ತಾನೂ ತೂಗುತ್ತ ಮುಂದೆ ಜರುಗುತ್ತದೆ. ಇನ್ನೂ ಹತ್ತಿರ ಹೋದರೆ ಕತ್ತು ಉಬ್ಬಿಸುತ್ತದೆ. ಹುರುಪೆಗಳ ನಡುವಿನ ಚರ್ಮ ಹಿಗ್ಗಿ, ಅದುವರೆಗೆ ಅಡಗಿದ್ದ ಕಪ್ಪು-ಬಿಳಿ ಪಟ್ಟೆಗಳು ಹೊರಬೀಳುತ್ತವೆ. ಬಾಯಿ ತೆರೆದರೆ ಒಳಗೆಲ್ಲ ತಿಳಿಗುಲಾಬಿ. ಸ್ಪರ್ಧೆಗಳಲ್ಲಿ ಬಹುಮಾನ ಪಡೆಯುವುದು ಬಹುಪಾಲು ಈ ಭಂಗಿಯೇ. ಬಂಧನದಲ್ಲಿಟ್ಟು ತೆಗೆದದ್ದಕ್ಕೆ ಈಗ ಹಲವು ಸ್ಪರ್ಧೆಗಳಲ್ಲಿ ಪ್ರವೇಶವಿಲ್ಲ. ಆದರೆ ಹೆದರಿಸಿ ಬಾಯಿ ತೆರೆಸಿದ್ದೋ, ತಾನಾಗಿ ತೆರೆದದ್ದೋ ಎಂದು ತೀರ್ಪುಗಾರರಿಗೆ ಚಿತ್ರ ನೋಡಿ ತಿಳಿಯುವುದು ಹೇಗೆ?

ಅಲ್ಪ ವಿಷವೆಂಬ ಧೈರ್ಯದಲ್ಲಿ ಬರಿಗೈಯಲ್ಲಿ ಹಿಡಿಯುವ ಚಾಳಿಯೂ ಇದೆ. ಹಿಂಬದಿ ಹಲ್ಲಿನ ಹಾವುಗಳೆಲ್ಲ ಸಾಧು ಎಂಬ ನಂಬಿಕೆಗೆ ದೊಡ್ಡವರೇ ಬಲಿಯಾಗಿದ್ದಾರೆ. 1957ರ ಸೆಪ್ಟೆಂಬರಿನಲ್ಲಿ ಷಿಕಾಗೋದ ಫೀಲ್ಡ್ ಮ್ಯೂಸಿಯಂಗೆ ಗುರುತು ಹಚ್ಚಲು ಬಂದ ಆಫ್ರಿಕಾದ ಎಳೆಯ ಬೂಮ್‌ಸ್ಲಾಂಗ್ ಹಾವು ಕಾರ್ಲ್ ಷ್ಮಿಟ್ ಅವರ ಹೆಬ್ಬೆರಳಿಗೆ ಕಚ್ಚಿತು. ಖ್ಯಾತ ಉರಗತಜ್ಞ, ಗಾಬರಿಯಾಗದೆ ತಮಗೆ ಆಗುತ್ತಿರುವುದನ್ನೆಲ್ಲ ಗಂಟೆವಾರು ಬರೆದುಕೊಂಡರು, ಮರುದಿನ ತೀರಿಕೊಂಡರು. 1975ರಲ್ಲಿ ಜರ್ಮನಿಯ ಉರಗತಜ್ಞ ರಾಬರ್ಟ್ ಮೆರ್ಟೆನ್ಸ್ ತಾವೇ ಸಾಕಿದ್ದ ಆಫ್ರಿಕಾದ ಕಡ್ಡಿಹಾವಿನಿಂದ ಸತ್ತರು. ಕಡ್ಡಿಹಾವಿಗೂ ನಮ್ಮ ಹಸಿರು ಹಾವಿನಂಥದೇ ಬೀಗದ ರಂಧ್ರದ ಕಣ್ಣು, ಅಂಥದೇ ಸಪೂರ ಮೈ. ನಮ್ಮದು ಅಷ್ಟು ಕ್ರೂರಿಯಲ್ಲ. ಆದರೂ ಅದರ ವಿಷಕ್ಕೆಂದೇ ಮಾಡಿದ ಪ್ರತಿವಿಷ ಇಲ್ಲ. ಭಾರತದ ಆಸ್ಪತ್ರೆಗಳಲ್ಲಿ ಸಿಗುವುದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರದ್ದು.

ಚಿತ್ರಗಳ ರಾಶಿ ಬೆಳೆಯುತ್ತಿದ್ದಂತೆ ಒಂದು ಅನುಮಾನವೂ ಬೆಳೆಯಿತು. ಬಯಲುಸೀಮೆಯ ಹಾವಿನ ಮೂತಿ ಉದ್ದ, ಘಟ್ಟದ ಹಾವಿನದು ಗಿಡ್ಡ. ಎರಡೂ ಒಂದೇ ಹೇಗೆ? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಶಂಕರ್, ಅಶೋಕ್ ಕುಮಾರ್ ಮಲ್ಲಿಕ್ ಮತ್ತು ಸಂಗಡಿಗರು ಪರ್ಯಾಯದ್ವೀಪದ ಉದ್ದಗಲ ಓಡಾಡಿ ಬಳ್ಳಿಹಾವುಗಳನ್ನು ಹೋಲಿಸಿದರು. ಡಿಎನ್‌ಎ, ಹುರುಪೆ, ಮೂತಿ, ಬಣ್ಣ ಎಲ್ಲವನ್ನೂ. 2019ರಲ್ಲಿ ಅಗಸ್ತ್ಯಮಲೆಯಿಂದ ಬಳ್ಳಿಹಾವುಗಳ ಹಳೆಯ ದಾಯಾದಿಯೊಂದು ಪತ್ತೆಯಾಯಿತು, ಸುಮಾರು 2 ಕೋಟಿ 60 ಲಕ್ಷ ವರ್ಷಗಳ ಹಿಂದೆಯೇ ಬೇರೆ ಕವಲಾಗಿ ಹೊರಟದ್ದು. 2020ರಲ್ಲಿ ಅದೇ ತಂಡ ಒಮ್ಮೆಗೇ ಐದು ಹೊಸ ಪ್ರಭೇದಗಳನ್ನು ಘೋಷಿಸಿತು. ಅಹೈಟುಲ್ಲ ನಸೂಟ ಎಂಬ ಹಳೆಯ ಹೆಸರು ಶ್ರೀಲಂಕೆಯ ಹಾವಿಗಷ್ಟೇ ಉಳಿಯಿತು. ಬೆಂಗಳೂರಿನ ಸುತ್ತಲಿನ ಒಣನಾಡಿನ ಉದ್ದ ಮೂತಿಯದ್ದು ಆಕ್ಸಿರಿಂಕ. ಆಗುಂಬೆ, ಚಿಕ್ಕಮಗಳೂರು, ಕೊಡಗಿನ ಮಲೆಕಾಡಿನದ್ದು ಫಾರ್ನ್ಸ್‌ವರ್ಥಿ. ಗೋವೆಯ ಆಚೀಚಿನ ಉತ್ತರ ಘಟ್ಟದ್ದು ಬೊರಿಯಾಲಿಸ್. ಕೇರಳದ ಕಡೆ ಮಲಬಾರಿಕ, ತಿರುವಾಂಕೂರಿಕ.

ಇದರಿಂದ ಫೋಟೋಗ್ರಾಫರುಗಳ ಹಳೆಯ ಕಪಾಟುಗಳಿಗೆ ಅನಿರೀಕ್ಷಿತ ಕೆಲಸ ಬಂತು. ಕರ್ನಾಟಕದಲ್ಲಿ ತೆಗೆದು 'ನಸೂಟ' ಎಂದು ಹೆಸರು ಕೊಟ್ಟಿದ್ದ ಅಷ್ಟೂ ಚಿತ್ರಗಳ ಅಡಿಬರಹ ಈಗ ತಪ್ಪು. ಪ್ರದರ್ಶನದಲ್ಲಿ ಪದಕ ಗೆದ್ದವೂ ಸೇರಿ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ನಂಥ ತಾಣಗಳಲ್ಲಿ ಹಳೆಯ ಚಿತ್ರಗಳನ್ನು ಒಂದೊಂದಾಗಿ ಮರುಹೆಸರಿಸುವ ಕೆಲಸ ನಡೆದಿದೆ. ಹಿಂದೆ ಸ್ಲೈಡಿನ ರಟ್ಟಿನ ಮೇಲೆ ಊರು, ತಿಂಗಳು, ಗಿಡದ ಹೆಸರು ಗೀಚಿಟ್ಟವರ ಚಿತ್ರಗಳಿಗೆ ಹೊಸ ಹೆಸರು ಕೊಡುವುದು ಸುಲಭ. ಕುದುರೆಮುಖ ಎಂದಿದ್ದರೆ ಒಂದು ಪ್ರಭೇದ, ಸಾವನದುರ್ಗ ಎಂದಿದ್ದರೆ ಇನ್ನೊಂದು. 'ಪಶ್ಚಿಮ ಘಟ್ಟ' ಎಂದಷ್ಟೇ ಬರೆದವು ತೂಗುಯ್ಯಾಲೆಯಲ್ಲಿವೆ. ಹಾವು ಕದಿಯುವವರಿಗೆ ಸುಳಿವು ಸಿಗಬಾರದೆಂದು ಜಾಗದ ಹೆಸರನ್ನು ಬೇಕೆಂದೇ ಮರೆಮಾಚುವ ಈಗಿನ ಪದ್ಧತಿಯಿಂದ ಗೋಜಲು ಇನ್ನಷ್ಟು ಹೆಚ್ಚಿದೆ. ಅಂಥ ಚಿತ್ರಗಳಲ್ಲಿ ಸಂಶೋಧಕರು ನೋಡುವುದು ಮೂತಿಯ ತುದಿಯ ಆ ಪುಟ್ಟ ಚಾಚನ್ನು. ಅದು ಸ್ಪಷ್ಟವಾಗಿ ಕಾಣಬೇಕಾದರೆ ಚಿತ್ರವನ್ನು ಹಾವಿನ ಮುಖಕ್ಕೆ ಪಕ್ಕದಿಂದ, ಕಣ್ಣಿನ ಮಟ್ಟದಲ್ಲಿ ತೆಗೆದಿರಬೇಕು. ಮೇಲಿನಿಂದ ತೆಗೆದ ಚಿತ್ರಗಳಲ್ಲಿ ಅದು ಮೂತಿಯೊಳಗೇ ಸೇರಿಹೋಗಿ, ಉದ್ದವೋ ಗಿಡ್ಡವೋ ಎಂದು ಹೇಳಲು ಬರುವುದಿಲ್ಲ.